ಮನೆಯ ಮೂರು ಕಂಪ್ಯೂಟರ್‌ಗಳಿಗೆ ವೈಫೈ ಮೇಲೆ ಬ್ಯಾಕಪ್: ಡಿಸ್ಕ್ ಎಲ್ಲಿರಬೇಕು?

ಶರಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರದ ಹಳ್ಳಿ ಮನೆ. ಮನೇಲಿ ಮೂರು ಕಂಪ್ಯೂಟರ್ ಇವೆ. ಅಪ್ಪನ ಡೆಸ್ಕ್‌ಟಾಪ್ ಮಹಡಿ ಮೇಲಿದೆ, ವಿಂಡೋಸ್ 11 ಪ್ರೊ. ಅವರು ನಿವೃತ್ತ ಕನ್ನಡ ಉಪನ್ಯಾಸಕರು. ಇಪ್ಪತ್ತು ವರ್ಷದ ಲೇಖನ, ಟಿಪ್ಪಣಿ, ಪಾಠದ ಸಾಮಗ್ರಿ ಎಲ್ಲ ಅದರೊಳಗೇ ಇದೆ, ಬಹುಪಾಲು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಹೆಂಡತಿಯದು ಶಾಲೆ ಕೆಲಸದ ವಿಂಡೋಸ್ ಲ್ಯಾಪ್‌ಟಾಪ್. ನನ್ನದು ಮ್ಯಾಕ್‌ಬುಕ್. ಫೋಟೋ, ವಿಡಿಯೋ ಸೇರಿದರೆ ಒಟ್ಟು 1.2 ಟಿಬಿ ಆಗುತ್ತೆ.

ಪೋರ್ಟಬಲ್ ಹಾರ್ಡ್‌ಡಿಸ್ಕ್ ಒಂದಿದೆ, ಕಪಾಟಿನಲ್ಲಿರುತ್ತೆ. ಅದನ್ನ ಹೊತ್ತುಕೊಂಡು ಮಹಡಿ ಹತ್ತಿ ಇಳಿದು ಕಾಪಿ ಮಾಡೋದು ನಮ್ಮ ಮನೆಯಲ್ಲಿ ನಡೆಯೋ ಕೆಲಸ ಅಲ್ಲ. ಅದಕ್ಕೇ ತನ್ನಷ್ಟಕ್ಕೆ ತಾನೇ ಆಗಬೇಕು ಅನ್ನೋದು ನನ್ನ ಆಸೆ. ಪೇಟೆಯ ಅಂಗಡಿಯಲ್ಲಿ ಕೇಳಿದರೆ ವೈರ್‌ಲೆಸ್ ಹಾರ್ಡ್‌ಡಿಸ್ಕ್ ತಗೊಳ್ಳಿ ಅಂದರು. ರೂಟರಿನ ಹಿಂದೆ ಯುಎಸ್‌ಬಿ ಕಿಂಡಿಯೂ ಇದೆ, ಅದಕ್ಕೇ ಇರೋ ಡಿಸ್ಕ್ ಹಾಕಿದರೆ ಸಾಕಾ? ಅಥವಾ ನ್ಯಾಸ್ ಅಂತಾರಲ್ಲ, ನೆಟ್‌ವರ್ಕಿಗೆ ಕಟ್ಟಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ, ಅದೇ ಬೇಕಾ? ನಮ್ಮದು ಜಂಬಿಟ್ಟಿಗೆ ಗೋಡೆ, ಮಳೆಗಾಲದಲ್ಲಿ ಕರೆಂಟು ಯಾವಾಗ ಬೇಕಾದರೂ ಹೋಗುತ್ತೆ. ಇದನ್ನು ಗಮನದಲ್ಲಿ ಇಟ್ಕೊಂಡು ತಿಳಿದವರು ಹೇಳಿ.

ಪ್ಯಾಕೆಟ್_ಪಯಣ

ನಮಸ್ಕಾರ ಸರ್. ಮೊದಲು ವೈರ್‌ಲೆಸ್ ಹಾರ್ಡ್‌ಡಿಸ್ಕ್ ವಿಷಯ. ಅದು ಬೇಡ. ಆ ಜಾತಿಯ ಡಿಸ್ಕುಗಳು ಪ್ರಯಾಣಕ್ಕೆ ಅಂತ ಬಂದವು. ಒಳಗೆ ಬ್ಯಾಟರಿ ಇರುತ್ತೆ, ತಮ್ಮದೇ ವೈಫೈ ಹೊರಡಿಸುತ್ತವೆ, ಕ್ಯಾಮೆರಾ ಕಾರ್ಡ್ ಖಾಲಿ ಮಾಡೋಕೆ, ಬಸ್ಸಲ್ಲಿ ಕೂತು ಸಿನಿಮಾ ನೋಡೋಕೆ ಸರಿ. ಮೂರು ಕಂಪ್ಯೂಟರಿನ ಬ್ಯಾಕಪ್ಪನ್ನು ವರ್ಷಗಟ್ಟಲೆ ಹೊರುವುದಕ್ಕೆ ಮಾಡಿದ್ದಲ್ಲ.

ನಿಮ್ಮ ಮನೆಗೆ ನಾನು ಹೇಳೋದು: ಕಂಪ್ಯೂಟರ್‌ಗಳು ವೈಫೈಯಲ್ಲಿರಲಿ, ಡಿಸ್ಕ್ ಮಾತ್ರ ರೂಟರಿನ ಪಕ್ಕ ಕೇಬಲ್‌ನಲ್ಲಿರಲಿ. ವೈಫೈಯ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡೋಕಾಗೋದು. ಡಿಸ್ಕೂ ವೈಫೈಯಲ್ಲಿದ್ದರೆ ಪ್ರತಿ ತುಣುಕೂ ಲ್ಯಾಪ್‌ಟಾಪ್‌ನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಡಿಸ್ಕಿಗೆ ಮತ್ತೊಮ್ಮೆ ಅದೇ ಗಾಳಿಯಲ್ಲಿ ಹಾಯಬೇಕು. ವೇಗ ಅರ್ಧಕ್ಕೂ ಕೆಳಗೆ ಬೀಳುತ್ತೆ. ಮೆಶ್ (ಮನೆಯಲ್ಲಿ ಅಲ್ಲಲ್ಲಿ ಇಡುವ ವೈಫೈ ಪೆಟ್ಟಿಗೆಗಳ ಜಾಲ) ಹಾಕಿ ಅವುಗಳ ನಡುವಿನ ಕೊಂಡಿಯನ್ನೂ ವೈಫೈಯಲ್ಲೇ ಬಿಟ್ಟರೂ ಇದೇ ಕಥೆ.

ಲೆಕ್ಕ ಹಾಕಿ ನೋಡಿ. ವೈಫೈ 5 ಇರುವ ಸಾಮಾನ್ಯ ಲ್ಯಾಪ್‌ಟಾಪ್ 866 ಎಂಬಿಪಿಎಸ್ ಅಂತ ತೋರಿಸಿದರೂ ರೂಟರ್ ಇರುವ ಕೋಣೆಯಲ್ಲೇ ಕೂತಾಗ ಸೆಕೆಂಡಿಗೆ 60 ಎಂಬಿ ಆಸುಪಾಸು ಸಾಗುತ್ತೆ. ಜಂಬಿಟ್ಟಿಗೆ ಗೋಡೆ ಎರಡು ದಾಟಿದರೆ 5 ಗಿಗಾಹರ್ಟ್ಸ್ ಸಿಗ್ನಲ್ ನಿಲ್ಲೋದೇ ಕಷ್ಟ, 2.4ಕ್ಕೆ ಬಿದ್ದು ಸೆಕೆಂಡಿಗೆ 5 ಎಂಬಿ ಬಂದರೆ ಬಂತು. ತೇವ ಹೀರಿದ ಗೋಡೆ ಇನ್ನಷ್ಟು ನುಂಗುತ್ತೆ. 5 ಎಂಬಿ ಲೆಕ್ಕದಲ್ಲಿ 1.2 ಟಿಬಿ ಸಾಗಿಸೋಕೆ ಸುಮಾರು 66 ಗಂಟೆ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ 110 ಎಂಬಿ ಹೋಗುತ್ತೆ, ಡಿಸ್ಕ್ ತಾಳಿಕೊಂಡರೆ ಮೂರು ಗಂಟೆ ಚಿಲ್ಲರೆ.

ಹಾಗಂತ ವೈಫೈ ಕೆಲಸಕ್ಕೆ ಬಾರದ್ದು ಅಂತ ಅಲ್ಲ. ದಿನವೂ ಬದಲಾಗೋದು ಎಷ್ಟು? ಒಂದಷ್ಟು ದಾಖಲೆ, ಒಂದಷ್ಟು ಫೋಟೋ, ಕೆಲವು ನೂರು ಎಂಬಿ. ಅಷ್ಟನ್ನು ಮಹಡಿ ಮೇಲಿನ ಕಂಪ್ಯೂಟರೂ ನಿಮಿಷಗಳಲ್ಲಿ ಕಳಿಸುತ್ತೆ. ಹಾಗಾಗಿ ಮೊದಲ ಪೂರ್ತಿ ಕಾಪಿ ಕೇಬಲ್ ಹಾಕಿ ಮುಗಿಸಿ, ಆಮೇಲೆ ದಿನದಿನದ್ದನ್ನು ವೈಫೈಗೆ ಬಿಡಿ. ಯಾರೂ ನೆನಪಿಟ್ಟುಕೊಳ್ಳದೆ ಬ್ಯಾಕಪ್ ಆಗುವುದು ಬಹಳ ದೊಡ್ಡ ಸಂಗತಿ, ಅದಕ್ಕೋಸ್ಕರವೇ ಈ ಏರ್ಪಾಡು.

ಇನ್ನೊಂದು, ರೂಟರಿನ ಲ್ಯಾನ್ ಪೋರ್ಟ್, ಅಂದರೆ ಕೇಬಲ್ ಚುಚ್ಚುವ ಕಿಂಡಿ, ನೋಡಿ. ಕನೆಕ್ಷನ್ ಜೊತೆ ಕೊಡುವ ಎಷ್ಟೋ ರೂಟರುಗಳಲ್ಲಿ ಅದು 100 ಎಂಬಿಪಿಎಸ್‌ನದ್ದೇ, ಅಂದರೆ ಸೆಕೆಂಡಿಗೆ 11 ಎಂಬಿ. ಅಂಥದ್ದಾದರೆ ನಡುವೆ ಒಂದು ಪುಟ್ಟ ಗಿಗಾಬಿಟ್ ಸ್ವಿಚ್ ಇಟ್ಟು ಮೊದಲ ಕಾಪಿ ಅದರ ಮೇಲೆ ಮಾಡಿ.

ಹುಬ್ಬಳ್ಳಿ_ಹಾರ್ಡ್‌ವೇರ್

ಸರ್ರ, ಡಿಸ್ಕಿನ ಮಾತು ಬಂತಂದ್ರ ನಾ ಒಂದೀಟು ಹೇಳ್ತೀನ್ರಿ. ರಿಪೇರಿ ಅಂಗಡಿ ಐತಿ ನಂದು. ನಮ್ಮಲ್ಲಿ ಬರೋ ಸತ್ತ ಡಿಸ್ಕಿನಾಗ ಅರ್ಧಕ್ಕರ್ಧ ಪೋರ್ಟಬಲ್ಲೇ ಇರ್ತಾವ. ಕೈಯಿಂದ ಬಿದ್ದಾವ, ಇಲ್ಲಾ ಬರಿಯೋ ಹೊತ್ತಿಗೆ ಕರೆಂಟ್ ಹೋಗಿ ಫೈಲ್ ಸಿಸ್ಟಮ್ ಕೆಟ್ಟಾವ. ನೀವು ಡಿಸ್ಕ್ ಒಂದ ಕಡೆ ಇಟ್ಟು ಅಲುಗಾಡಿಸದಂಗ ಮಾಡಿದ್ರ ಮೊದಲನೇ ಕಾಟ ಅಲ್ಲೇ ತಪ್ಪತೈತಿ. ಎರಡನೇದ್ದಕ್ಕ ಯುಪಿಎಸ್ ಬೇಕ ಬೇಕ್ರಿ. ಡಿಸ್ಕಿಗಷ್ಟ ಅಲ್ಲ, ರೂಟರಿಗೂ. ಡಿಸ್ಕ್ ಎದ್ದಿದ್ದು ರೂಟರ್ ಮಕ್ಕೊಂಡ್ರ ಬ್ಯಾಕಪ್ ನಡುದಾರ್ಯಾಗ ಹರಿತೈತಿ.

ಮನ್ಯಾಗ ಇನ್ವರ್ಟರ್ ಇದ್ರ ಅದರ ಮ್ಯಾಲಿನ ಸ್ವಿಚ್ ನೋಡ್ರಿ, ಯುಪಿಎಸ್ ಮೋಡಿನಾಗ ಇಡ್ರಿ. ಸಾದಾ ಮೋಡಿನಾಗ ಬದಲಾಗೋ ಹೊತ್ತಿಗೆ ರೂಟರ್ ಒಮ್ಮೆ ಸತ್ತು ಎದ್ದೇಳತೈತಿ.

ಡಿಸ್ಕ್ ಕೊಳ್ಳೋ ಮುಂದ ಸಿಎಂಆರ್ ಏನು ಎಸ್‌ಎಂಆರ್ ಏನು ಅಂತ ಕೇಳಿ ತಗೋರಿ, ಇವು ಡಿಸ್ಕಿನ ಮ್ಯಾಲ ಬರಿಯೋ ಎರಡು ಥರ. ಸಿಎಂಆರ್‌ನಾಗ ಪಟ್ಟಿ ಬಿಡಿಬಿಡಿಯಾಗಿ ಇರ್ತಾವ. ಎಸ್‌ಎಂಆರ್‌ನಾಗ ಪಟ್ಟಿ ಮ್ಯಾಲ ಪಟ್ಟಿ ಹೆಂಚು ಹೊದಿಸಿದಂಗ ಬರದಿರ್ತಾರ. ನಡುವಿಂದೊಂದು ಬದಲಿಸಬೇಕಂದ್ರ ಮುಂದಿನವನ್ನೂ ಎತ್ತಿ ಮತ್ತ ಬರೀಬೇಕು. ದೊಡ್ಡ ಕಾಪಿ ಹಾಕಿದಾಗ ಮೊದಮೊದಲು ಓಡತೈತಿ, ಆಮ್ಯಾಲ ತೆವಳತೈತಿ. 2020ರಾಗ ವೆಸ್ಟರ್ನ್ ಡಿಜಿಟಲ್‌ನ ರೆಡ್ ಅನ್ನೋ ನ್ಯಾಸ್ ಡಿಸ್ಕಿನಾಗ 2ರಿಂದ 6 ಟಿಬಿ ತನಕದ್ದು ಕೆಲವು ಎಸ್‌ಎಂಆರ್ ಇದ್ದಿದ್ದು ಹೊರಗ ಬಂದು ದೊಡ್ಡ ಗದ್ದಲ ಆತು. ಅದಾದ ಮ್ಯಾಲ ಸಿಎಂಆರ್ ಇದ್ದದ್ದಕ್ಕ ರೆಡ್ ಪ್ಲಸ್ ಅಂತ ಹೆಸರಿಟ್ರು. 2.5 ಇಂಚಿನ ಪೋರ್ಟಬಲ್ ಬಹಳಷ್ಟು ಎಸ್‌ಎಂಆರ್‌ನವೇ ಇರ್ತಾವ. ಒಂದೇ ಡಿಸ್ಕಿನ ಬ್ಯಾಕಪ್ಪಿಗೆ ನಡೀತೈತಿ, ರೇಡ್ (ಹಲವು ಡಿಸ್ಕ್ ಸೇರಿಸಿ ಒಂದ ಮಾಡೋದು) ಕಟ್ಟೋರಿಗೆ ಬ್ಯಾಡ.

ಶರಾವತಿ_ದಂಡೆ

ತುಂಬಾ ಉಪಕಾರ ಆಯ್ತು ಇಬ್ಬರಿಗೂ. ರೂಟರಿನ ಪೋರ್ಟ್ ನೋಡಿದೆ, ಒಂದು ಮಾತ್ರ ಗಿಗಾಬಿಟ್, ಉಳಿದವು 100. ಯುಎಸ್‌ಬಿ ಕಿಂಡಿಗೆ ಡಿಸ್ಕ್ ಹಾಕಿ ನೋಡಿದೆ. ಹೆಂಡತಿಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ತೆರೆಯಿತು, ಅಪ್ಪನ ಡೆಸ್ಕ್‌ಟಾಪ್‌ನಲ್ಲಿ ಇಲ್ಲ. ಅತಿಥಿಯಾಗಿ ಒಳಗೆ ಬಿಡಲು ನಿಮ್ಮ ಸಂಸ್ಥೆಯ ಭದ್ರತಾ ನಿಯಮ ಒಪ್ಪುವುದಿಲ್ಲ ಅನ್ನೋ ಅರ್ಥದ ಸಂದೇಶ ಬರ್ತಿದೆ. ಇಂಟರ್ನೆಟ್‌ನಲ್ಲಿ ಎಸ್‌ಎಂಬಿ 1 (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಹಳೆಯ ವಿಧಾನ) ಆನ್ ಮಾಡಿ ಅಂತ ಹಲವರು ಬರೆದಿದ್ದಾರೆ. ಮಾಡಬಹುದಾ?

ಪ್ಯಾಕೆಟ್_ಪಯಣ

ದಯವಿಟ್ಟು ಮಾಡಬೇಡಿ ಸರ್. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದು ಎಸ್‌ಎಂಬಿ 1ರಲ್ಲಿದ್ದ ತೂತಿನ ಮೂಲಕವೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ತಾನಾಗಿ ಹಾಕುವುದನ್ನೇ ಮೈಕ್ರೋಸಾಫ್ಟ್ ನಿಲ್ಲಿಸಿತು. ಈಗ ವಿಂಡೋಸ್ 11ರ 24ಎಚ್2 ಅನ್ನೋ ಅಪ್‌ಡೇಟ್ ಬಂದ ಮೇಲೆ ಪ್ರೊ ಆವೃತ್ತಿಯಲ್ಲಿ ಇನ್ನೂ ಎರಡು ಬಿಗಿ. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ಇಲ್ಲ, ಎದುರಿನ ಯಂತ್ರ ಪ್ರತಿ ಸಂದೇಶಕ್ಕೂ ಸಹಿ ಹಾಕಬೇಕು. ಅಗ್ಗದ ರೂಟರುಗಳೊಳಗಿನ ಹಳೆಯ ಸಾಂಬಾ (ಲಿನಕ್ಸ್‌ನಲ್ಲಿ ಫೋಲ್ಡರ್ ಹಂಚುವ ಸಾಫ್ಟ್‌ವೇರು) ಬಹಳ ಸಲ ಇದಕ್ಕೆ ಒಗ್ಗೋದಿಲ್ಲ. ಕೆಟ್ಟಿರೋದು ನಿಮ್ಮ ವಿಂಡೋಸ್ ಅಲ್ಲ, ರೂಟರಿನ ಸಾಫ್ಟ್‌ವೇರು ಹಳತಾಗಿದೆ.

ಇನ್ನೊಂದು ಕಾರಣಕ್ಕೂ ರೂಟರಿನ ಯುಎಸ್‌ಬಿ ಬೇಡ ಅಂತೀನಿ. ಆ ಕಿಂಡಿ ಬಹಳ ಕಡೆ ಯುಎಸ್‌ಬಿ 2.0, ಅದರ ಮೇಲೆ ರೂಟರಿನ ಪ್ರೊಸೆಸರಿಗೆ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್) ಬರೆಯೋದೇ ಭಾರ. ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ಮಾಹಿತಿ ಸಿಗಲ್ಲ, ಹಳೆಯ ಆವೃತ್ತಿಗಳನ್ನು ಕಾಯ್ದಿಡುವ ಸ್ನ್ಯಾಪ್‌ಶಾಟ್ ಇಲ್ಲ.

ಹಳೇ ಲ್ಯಾಪ್‌ಟಾಪ್ ಅಂದಿರಲ್ಲ, ಅದನ್ನು ಹೆಂಡತಿಯವರು ಬದಲಿಸುವ ಯೋಚನೆ ಇದೆಯೇ? ಇದ್ದರೆ ಬ್ಯಾಕಪ್ ಡಿಸ್ಕ್ ನಡೆಸೋಕೆ ಅದಕ್ಕಿಂತ ಒಳ್ಳೆ ಪೆಟ್ಟಿಗೆ ನಿಮ್ಮ ಊರಿಗೆ ಸಿಗಲ್ಲ. ಗಿಗಾಬಿಟ್ ಲ್ಯಾನ್, ಯುಎಸ್‌ಬಿ 3.0 ಎರಡೂ ಇವೆಯಾ ನೋಡಿ. ಡೆಬಿಯನ್ ಲಿನಕ್ಸ್ ಮೇಲೆ ನಿಂತಿರುವ ಓಪನ್ ಮೀಡಿಯಾ ವಾಲ್ಟ್ ಅನ್ನೋ ನ್ಯಾಸ್ ಸಾಫ್ಟ್‌ವೇರು ಹಾಕಿದರೆ ಬ್ರೌಸರಿನಿಂದಲೇ ಎಲ್ಲ ನಡೆಸಬಹುದು. ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಯುಎಸ್‌ಬಿಯಿಂದ ಕರೆಂಟ್ ಎಳೆಯುವ 2.5 ಇಂಚಿನ ಡಿಸ್ಕೂ ಅದೇ ಬ್ಯಾಟರಿ ಮೇಲೆ ನಿಲ್ಲುತ್ತೆ. ಬ್ಯಾಟರಿ ಉಬ್ಬಿದೆಯಾ ಅಂತ ಆಗಾಗ ನೋಡ್ತಾ ಇರಬೇಕು, ಉಬ್ಬಿದ್ದು ಕಂಡರೆ ಆ ದಿನವೇ ತೆಗೆಯಬೇಕು. ಇದು ಸಣ್ಣ ಮಾತಲ್ಲ, ಬೆಂಕಿಯ ವಿಷಯ.

ಲ್ಯಾಪ್‌ಟಾಪ್ ಇಲ್ಲದಿದ್ದರೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್. 2019ರಲ್ಲಿ ಬಂದ ಪೈ 4ರಿಂದಲೇ ಪೂರ್ತಿ ವೇಗದ ಗಿಗಾಬಿಟ್ ಮತ್ತು ಯುಎಸ್‌ಬಿ 3.0 ಇರೋದು. ಅದರ ನಾಲ್ಕೂ ಯುಎಸ್‌ಬಿ ಸೇರಿ 1.2 ಆಂಪಿಯರ್ ಮಾತ್ರ ಕೊಡುತ್ತೆ. ಎರಡು ಡಿಸ್ಕ್ ಹಾಕುವವರು ಅಡಾಪ್ಟರ್ ಇರುವ ಹಬ್ ಇಟ್ಟುಕೊಳ್ಳಬೇಕು.

ನಗರದ_ನೆರಳು

ನನಗೆ ಬೇರೆ ಅಭಿಪ್ರಾಯ ಇದೆ. ಇಷ್ಟೆಲ್ಲ ಕಟ್ಟಿ, ಆಮೇಲೆ ಅದನ್ನ ನೋಡಿಕೊಳ್ಳೋರು ಯಾರು? ಇವರು ಊರಲ್ಲಿಲ್ಲದಾಗ ಅದು ನಿಂತುಹೋದರೆ ಅಪ್ಪನವರಿಗೆ ಸರಿಪಡಿಸೋಕಾಗುತ್ತಾ? ಕ್ಲೌಡ್ ತಗೊಂಡು ಫೋಲ್ಡರ್ ಸಿಂಕ್ ಮಾಡಿ ಬಿಟ್ಟರೆ ಮುಗೀತು. ಇಲ್ಲ, ಮನೆಯಲ್ಲೇ ಬೇಕು ಅಂದರೆ ಸಿನಾಲಜಿ, ಕ್ಯೂನ್ಯಾಪ್ ಥರದ ಸಿದ್ಧ ಪೆಟ್ಟಿಗೆ ತಗೊಳ್ಳಲಿ. ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿದರೆ ಒಂದು ಸತ್ತರೆ ಇನ್ನೊಂದು ಇರುತ್ತೆ.

ಪ್ಯಾಕೆಟ್_ಪಯಣ

ನೋಡಿಕೊಳ್ಳೋರು ಯಾರು ಅನ್ನೋದು ನ್ಯಾಯವಾದ ಪ್ರಶ್ನೆ. ದುಡ್ಡು ಹಾಕೋಕೆ ಆಗುವವರಿಗೆ ಸಿದ್ಧ ಪೆಟ್ಟಿಗೆಯೇ ನೆಮ್ಮದಿ ಅಂತ ನಾನೂ ಒಪ್ತೀನಿ. ಆದರೆ ಉಳಿದ ಎರಡು ಮಾತನ್ನು ಬಿಡೋಕಾಗಲ್ಲ.

ಸಿಂಕ್ ಬ್ಯಾಕಪ್ ಅಲ್ಲ. ಅಪ್ಪ ಒಂದು ಫೋಲ್ಡರ್ ಗೊತ್ತಿಲ್ಲದೆ ಅಳಿಸಿದರೆ ಸಿಂಕ್ ಅದನ್ನು ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಯೂ ಅಳಿಸುತ್ತೆ. ಕಸದಬುಟ್ಟಿಯಲ್ಲಿ ಕೆಲವು ವಾರ ಇರಬಹುದು, ಆದರೆ ಅಳಿಸಿಹೋಗಿದೆ ಅಂತ ಗೊತ್ತಾಗೋದು ಎಷ್ಟೋ ಸಲ ಮುಂದಿನ ವರ್ಷ. ರೇಡ್ 1 ಕೂಡ ಹಾಗೇ. ಡಿಸ್ಕ್ ಸತ್ತರೆ ಕಾಪಾಡುತ್ತೆ. ಅಳಿಸಿದ್ದು, ಕಳ್ಳತನ, ಸಿಡಿಲು, ಬೀಗ ಹಾಕುವ ವೈರಸ್ ಇದ್ಯಾವುದಕ್ಕೂ ಅಲ್ಲ. ಹಳೆಯ ತಾರೀಖಿನ ಪ್ರತಿ ಬೇಕು. ವಿಂಡೋಸ್ 8ರಿಂದ ಇರುವ ಫೈಲ್ ಹಿಸ್ಟರಿ ಅದನ್ನು ಮಾಡುತ್ತೆ, ನೆಟ್‌ವರ್ಕ್ ಫೋಲ್ಡರಿಗೂ ಬರೆಯುತ್ತೆ, ಬೇರೇನೂ ಹೇಳದಿದ್ದರೆ ಗಂಟೆಗೊಮ್ಮೆ. ಇಡೀ ಕಂಪ್ಯೂಟರನ್ನೇ ಎತ್ತಿಡಬೇಕು ಅಂದರೆ ವೀಮ್ ಏಜೆಂಟಿನ ಉಚಿತ ಆವೃತ್ತಿ ಇದೆ.

ಕ್ಲೌಡ್ ಒಂದನ್ನೇ ನಂಬೋದಾದರೆ 100 ಎಂಬಿಪಿಎಸ್ ಫೈಬರಿನಲ್ಲೂ 1.2 ಟಿಬಿ ಮೇಲೇರಿಸೋಕೆ ಒಂದು ಕ್ಷಣ ನಿಲ್ಲದೆ ಓಡಿದರೆ ಒಂದು ದಿನದ ಮೇಲೆ ಬೇಕು. ಅಪ್ಪನ ಬರಹ ಕೆಲವೇ ಜಿಬಿ ಇರುತ್ತೆ, ಅದನ್ನು ಕ್ಲೌಡಿನಲ್ಲೂ ಇಡಿ. ಅದಕ್ಕೆ ನನ್ನ ಪೂರ್ಣ ಒಪ್ಪಿಗೆ.

ಅಚ್ಚುಮೊಳೆ_ಮೈಸೂರು

ಇಲ್ಲಿ ಎಲ್ಲರೂ ಡಿಸ್ಕು, ವೇಗ ಅಂತ ಮಾತಾಡ್ತಿದ್ದೀರಿ. ಆ ಅಪ್ಪನವರ ನುಡಿ ಕಡತಗಳ ಬಗ್ಗೆ ನಾನು ಹೇಳಲೇಬೇಕು. ಪುಸ್ತಕ ಪುಟವಿನ್ಯಾಸ ನನ್ನ ಕೆಲಸ, ಹಳೆಯ ಲೇಖಕರ ಸಿಡಿ, ಪೆನ್‌ಡ್ರೈವ್ ದಿನವೂ ಕೈಗೆ ಬರುತ್ತವೆ.

ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡ ಅಕ್ಷರಗಳೇ ಇರುವುದಿಲ್ಲ. ಇರೋದು ಇಂಗ್ಲಿಷಿನ ಮತ್ತು ಅದರ ಅಕ್ಕಪಕ್ಕದ ಚಿಹ್ನೆಗಳ ಸಂಕೇತ. ಕನ್ನಡ ಕಾಣಿಸೋದು ಫಾಂಟಿನ ದಯೆಯಿಂದ. ಕಡತ ಉಳಿದು ಫಾಂಟು ಹೋದರೆ ತೆರೆದಾಗ ಅರ್ಥವಿಲ್ಲದ ಅಕ್ಷರಗಳ ರಾಶಿ. ಫಾಂಟುಗಳಿರೋದು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿ. ಫೈಲ್ ಹಿಸ್ಟರಿ ಆ ಕಡೆ ತಿರುಗಿಯೂ ನೋಡಲ್ಲ, ಅದು ಎತ್ತಿಡೋದು ನಿಮ್ಮ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ಇಂಥವನ್ನ. ಹಾಗಾಗಿ ಇವತ್ತೇ ಮಾಡಿ: ನುಡಿಯ ಎಲ್ಲ ಫಾಂಟ್ ಫೈಲುಗಳನ್ನು ಡಾಕ್ಯುಮೆಂಟ್ಸ್ ಒಳಗೆ ಒಂದು ಫೋಲ್ಡರಿಗೆ ಕಾಪಿ ಮಾಡಿ, ನುಡಿಯ ಇನ್‌ಸ್ಟಾಲರನ್ನೂ ಅಲ್ಲೇ ಇಡಿ. ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇನ್ನೊಂದು ಪ್ರತಿ ಇಡಿ, ಜೊತೆಗೆ ಪಿಡಿಎಫ್. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತಿನಲ್ಲಿ ಅಲ್ಲಲ್ಲಿ ಎಡವುತ್ತವೆ, ಆದ್ದರಿಂದ ಮೂಲ ಕಡತವನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ಎರಡನೆಯದು ಕಡತದ ಹೆಸರು. ಅಪ್ಪನವರ ಪೀಳಿಗೆಯವರು ಲೇಖನದ ಇಡೀ ಶೀರ್ಷಿಕೆಯನ್ನೇ ಹೆಸರಾಗಿ ಕೊಡ್ತಾರೆ. ಕನ್ನಡದಲ್ಲಿ ಕೊಟ್ಟಿದ್ದರೆ ಲೆಕ್ಕ ಬೇರೆಯಾಗುತ್ತೆ. ವಿಂಡೋಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತಗಳ ಜಾಗ ಇದೆ. ಲಿನಕ್ಸ್‌ನ ಎಕ್ಸ್ಟ್4 ಅನ್ನೋ ಡಿಸ್ಕ್ ಫಾರ್ಮ್ಯಾಟ್‌ನಲ್ಲಿ 255 ಬೈಟ್. ಯೂನಿಕೋಡನ್ನು ಅಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಹೋಗುತ್ತೆ, ಅಂದರೆ ಅಲ್ಲಿ ಹಿಡಿಸೋದು 85 ಮಾತ್ರ. ಅದೂ 85 ಅಕ್ಷರ ಅಲ್ಲ. ‘ಸ್ತ್ರೀ’ ಅನ್ನೋದು ನಮ್ಮ ಕಣ್ಣಿಗೆ ಒಂದು ಅಕ್ಷರ, ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಅಂತ ಆರು ಸಂಕೇತ, 18 ಬೈಟ್. ಸಿನಾಲಜಿ ಪೆಟ್ಟಿಗೆಯ ಎನ್‌ಕ್ರಿಪ್ಟ್ ಮಾಡಿದ ಹಂಚಿಕೆ ಫೋಲ್ಡರಿನಲ್ಲಿ ಮಿತಿ ಇನ್ನೂ ಕಡಿಮೆ, 143 ಬೈಟ್. ಕನ್ನಡಕ್ಕೆ 47 ಸಂಕೇತ. ಅದನ್ನು ಮೀರಿದ ಕಡತ ಬ್ಯಾಕಪ್ ಆಗೋದೇ ಇಲ್ಲ, ಲಾಗ್‌ನಲ್ಲಿ ಒಂದು ಸಾಲು ಬಿದ್ದಿರುತ್ತೆ. ಆ ಸಾಲನ್ನು ಓದುವವರು ಕಡಿಮೆ.

ಮೂರನೆಯದು ಮ್ಯಾಕ್ ಇರುವ ಮನೆಗೆ. ‘ಫೋಟೋ’ ಅಂತ ಹೆಸರಿಟ್ಟರೆ ವಿಂಡೋಸ್, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಸಂಕೇತ. ಮ್ಯಾಕ್ ಅದನ್ನು ಬಹಳ ಸಲ ಬಿಡಿಸಿ ಬರೆಯುತ್ತೆ. ಒಂದು ಓತ್ವದ ಚಿಹ್ನೆ ಎತ್ವ, ಊತ್ವದ ಚಿಹ್ನೆ, ದೀರ್ಘದ ಗುರುತು ಅಂತ ಮೂರಾಗಿ ಒಡೆಯುತ್ತೆ, ನಾಲ್ಕು ಸಂಕೇತ ಎಂಟಾಗುತ್ತೆ. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್ ಡಿಸ್ಕಿಗೆ ಎರಡು ಬೇರೆ ಬೇರೆ ಹೆಸರು. ಆರ್‌ಸಿಂಕ್ ಅನ್ನೋ ನಕಲು ಸಾಫ್ಟ್‌ವೇರಿನಿಂದ ಮ್ಯಾಕ್‌ನ ಫೋಲ್ಡರ್ ನಕಲು ಮಾಡಿದವರು ಒಂದೇ ಹೆಸರಿನ ಎರಡು ಫೋಲ್ಡರ್ ನೋಡಿ ಗಾಬರಿಯಾಗೋದು ಇದಕ್ಕೇ. ಆರ್‌ಸಿಂಕ್‌ನ 3ನೇ ಸರಣಿಯಲ್ಲಿ ಐಕಾನ್ವ್ ಅನ್ನೋ ಆಯ್ಕೆ ಇದೆ, ಮ್ಯಾಕ್‌ನ ರೂಪದಿಂದ ಸಾಮಾನ್ಯ ರೂಪಕ್ಕೆ ಹೆಸರನ್ನು ತಿರುಗಿಸಿ ಬರೆಯುತ್ತೆ. ಮ್ಯಾಕ್ ಜೊತೆ ಬಹುಕಾಲ ಬಂದ 2.6.9ರಲ್ಲಿ ಅದಿಲ್ಲ, ಹೊಸದನ್ನು ಹಾಕಿಕೊಳ್ಳಬೇಕು.

ನಮ್ಮ ಭಾಷೆಯಲ್ಲಿ ಹೆಸರಿಡೋದನ್ನು ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಹೆಸರು ಚಿಕ್ಕದಿರಲಿ, ಶೀರ್ಷಿಕೆ ಕಡತದೊಳಗಿರಲಿ.

ಶರಾವತಿ_ದಂಡೆ

ಅಚ್ಚುಮೊಳೆ ಮೇಡಂ, ಫಾಂಟಿನ ವಿಷಯ ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ, ಕೂಡಲೇ ಫಾಂಟು ಎತ್ತಿಡೋಕೆ ಕೂತರು. ಹೆಂಡತಿಗೆ ಹೊಸ ಲ್ಯಾಪ್‌ಟಾಪ್ ತಗೊಳ್ಳೋದು ಹೇಗೂ ಇತ್ತು, ಹಳೇದನ್ನೇ ಪೆಟ್ಟಿಗೆ ಮಾಡ್ತೀವಿ. ಮ್ಯಾಕ್ ಜೊತೆಗೇ ಬರುವ ಬ್ಯಾಕಪ್, ಟೈಮ್ ಮಷಿನ್, ಇದಕ್ಕೆ ಬರುತ್ತಾ? ಪರಿಚಯದವರ ಹತ್ತಿರ ಹಳೆಯ ಟೈಮ್ ಕ್ಯಾಪ್ಸೂಲ್ ಒಂದಿದೆ, ಕೊಡ್ತೀನಿ ಅಂತಿದ್ದಾರೆ.

ಸೇಬಿನ_ತೋಟ

ಟೈಮ್ ಕ್ಯಾಪ್ಸೂಲ್ ಬೇಡ ಸರ್. ಒಳ್ಳೆ ಯಂತ್ರವೇ ಆಗಿತ್ತು. ರೂಟರ್ ಮತ್ತು ಬ್ಯಾಕಪ್ ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿ, 2008ರಲ್ಲಿ 500 ಜಿಬಿ ಮತ್ತು 1 ಟಿಬಿಯಲ್ಲಿ ಬಂತು. ತಂತಿಯಿಲ್ಲದೆ ಬ್ಯಾಕಪ್ ಮಾಡುವುದನ್ನು ಮನೆಮಂದಿಗೆ ಇಷ್ಟು ಸುಲಭ ಮಾಡಿದ್ದು ಅದೇ ಅಂತ ಈಗಲೂ ನನಗೆ ಅದರ ಮೇಲೆ ಗೌರವ. ಆದರೆ 2018ರ ಏಪ್ರಿಲ್‌ನಲ್ಲಿ ಆಪಲ್ ಆ ಸಾಲನ್ನೇ ನಿಲ್ಲಿಸಿತು. ಅದು ಮಾತಾಡೋದು ಎಎಫ್‌ಪಿ ಅನ್ನೋ ಆಪಲ್‌ನ ಹಳೆಯ ಹಂಚಿಕೆ ಭಾಷೆ, ಇಲ್ಲವೇ ಎಸ್‌ಎಂಬಿ 1. 2025ರಲ್ಲಿ ಬಂದ ಮ್ಯಾಕ್‌ಓಎಸ್ 15.5ರಲ್ಲಿ ಎಎಫ್‌ಪಿಯನ್ನು ಮುಂದೆ ತೆಗೆಯುತ್ತೇವೆ ಅಂತ ಆಪಲ್ಲೇ ಹೇಳಿಬಿಟ್ಟಿದೆ. ಒಳಗಿನ ಡಿಸ್ಕೂ ಅಷ್ಟೇ ವಯಸ್ಸಿನದು.

ನಿಮ್ಮ ಹಳೇ ಲ್ಯಾಪ್‌ಟಾಪ್ ಪೆಟ್ಟಿಗೆ ಸಾಕು. ಸಾಂಬಾ 4.8ರಿಂದ, ಅಂದರೆ 2018ರಿಂದ, ಟೈಮ್ ಮಷಿನ್‌ಗೆ ಬೇಕಾದ್ದು ಅದರಲ್ಲೇ ಇದೆ. ಓಪನ್ ಮೀಡಿಯಾ ವಾಲ್ಟ್‌ನಲ್ಲಿ ಹಂಚಿಕೆಯ ಪುಟದಲ್ಲಿ ಟೈಮ್ ಮಷಿನ್ ಅಂತ ಒಂದು ಗುರುತು ಹಾಕಿದರೆ ಮ್ಯಾಕ್ ತಾನಾಗಿ ಹುಡುಕಿಕೊಳ್ಳುತ್ತೆ. ಮ್ಯಾಕ್‌ಗೆ ಬೇರೆ ಫೋಲ್ಡರ್, ಜಾಗಕ್ಕೆ ಮಿತಿ, ಎರಡನ್ನೂ ಇಡಿ. ಮಿತಿ ಇಲ್ಲದಿದ್ದರೆ ಟೈಮ್ ಮಷಿನ್ ಇರುವ ಜಾಗವನ್ನೆಲ್ಲ ತುಂಬಿಕೊಳ್ಳುತ್ತೆ, ಅಪ್ಪನ ಬ್ಯಾಕಪ್ಪಿಗೆ ತಾವೇ ಇರಲ್ಲ.

ನೆಟ್‌ವರ್ಕಿನ ಮೇಲೆ ಟೈಮ್ ಮಷಿನ್ ಬರೆಯೋದು ಸ್ಪಾರ್ಸ್‌ಬಂಡಲ್ ಅನ್ನೋ ಪೆಟ್ಟಿಗೆಯೊಳಗೆ, ಸಾವಿರಾರು ಚೂರುಗಳಾಗಿ. ಬರೆಯುವಾಗ ಮುಚ್ಚಳ ಮುಚ್ಚಿ ಎದ್ದು ಹೋಗೋದು, ವೈಫೈ ಕಡಿಯೋದು ಪದೇ ಪದೇ ಆದರೆ ಆ ಪೆಟ್ಟಿಗೆ ಕೆಡುತ್ತೆ. ವಿಶ್ವಾಸಾರ್ಹತೆಗಾಗಿ ಹೊಸ ಬ್ಯಾಕಪ್ ಶುರು ಮಾಡಬೇಕು ಅಂತ ಸಂದೇಶ ಬಂದರೆ ಹಳೆಯ ಇತಿಹಾಸವೆಲ್ಲ ಹೋಯ್ತು ಅಂತಲೇ ಅರ್ಥ. ಮ್ಯಾಕ್ ಚಾರ್ಜರಿನಲ್ಲಿದ್ದಾಗ ಮಾತ್ರ ಬ್ಯಾಕಪ್ ಆಗಲಿ ಅಂತ ಇಡಿ, ಆಗ ಅದು ಒಂದು ಕಡೆ ನಿಂತಿರುತ್ತೆ.

ರೈನ್_ನದಿಯಿಂದ

ನಾನು ಜರ್ಮನಿಯಲ್ಲಿದ್ದೇನೆ, ಅಪ್ಪ ಅಮ್ಮ ಶಿವಮೊಗ್ಗದಲ್ಲಿ. ಅಲ್ಲಿನ ಮನೆಯಲ್ಲೂ ಇಂಥದ್ದೇ ಪೆಟ್ಟಿಗೆ ಇಟ್ಟು, ಇಲ್ಲಿಂದ ನೋಡಿಕೊಳ್ಳಬೇಕು, ಇಲ್ಲಿನ ಫೋಟೋಗಳ ಒಂದು ಪ್ರತಿ ಅಲ್ಲಿಗೂ ಹೋಗಬೇಕು ಅಂತ ಆಸೆ. ರೂಟರಿನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಬರುವ ದಾರಿ, ತೆರೆಯೋಕೆ ಪ್ರಯತ್ನಿಸಿದರೆ ಊರಿನ ಕನೆಕ್ಷನ್‌ನಲ್ಲಿ ಹೊರಗಿನಿಂದ ಒಳಗೆ ಬರೋದಕ್ಕೇ ಆಗ್ತಿಲ್ಲ.

ಪ್ಯಾಕೆಟ್_ಪಯಣ

ಊರಿನ ರೂಟರಿನಲ್ಲಿ ವ್ಯಾನ್ ವಿಳಾಸ (ಕಂಪನಿ ಕೊಟ್ಟ ಐಪಿ) ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಹೊರವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚಿರುತ್ತೆ. ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ.

ತೆರೆಯೋಕೆ ಬಂದಿದ್ದರೂ ನಾನು ಬೇಡವೇ ಅನ್ನುತ್ತಿದ್ದೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಅನ್ನೋ ಮನೆಬಳಕೆಯ ನೆಟ್‌ವರ್ಕ್ ಡಿಸ್ಕುಗಳನ್ನು ಎಲ್ಲಿಂದಲೋ ಯಾರೋ ಖಾಲಿ ಮಾಡಿದರು. ಅದಕ್ಕೆ 2015ರ ನಂತರ ಅಪ್‌ಡೇಟೇ ಬಂದಿರಲಿಲ್ಲ. ಬೆಳಗ್ಗೆ ಎದ್ದು ನೋಡಿದವರಿಗೆ ವರ್ಷಗಳ ಫೋಟೋ ಇಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಅನ್ನೋದು ಕ್ಯೂನ್ಯಾಪ್ ಪೆಟ್ಟಿಗೆಗಳೊಳಗೆ ನುಗ್ಗಿ ಕಡತಗಳನ್ನೆಲ್ಲ ಪಾಸ್‌ವರ್ಡ್ ಹಾಕಿದ 7-ಜಿಪ್ ಗಂಟು ಕಟ್ಟಿ ಹಣ ಕೇಳಿತು. ಬ್ಯಾಕಪ್ ಪೆಟ್ಟಿಗೆ ಇಂಟರ್ನೆಟ್ಟಿಗೆ ಮುಖ ಮಾಡಿ ನಿಲ್ಲಲೇಬಾರದು.

ನಿಮಗೆ ಬೇಕಿರೋದು ವೈರ್‌ಗಾರ್ಡ್ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಥರದ ವಿಪಿಎನ್, ಅಂದರೆ ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ. ಎರಡೂ ಮನೆಯ ಪೆಟ್ಟಿಗೆಗಳು ಒಳಗಿನಿಂದ ಹೊರಗೆ ಕೈಚಾಚಿ ಪರಸ್ಪರ ಹುಡುಕಿಕೊಳ್ಳುತ್ತವೆ, ಸಿಜಿನ್ಯಾಟ್ ಇದ್ದರೂ ನಡೆಯುತ್ತೆ. ಅದರ ಮೇಲೆ ರೆಸ್ಟಿಕ್ ಅಥವಾ ಬೋರ್ಗ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರು ಓಡಿಸಿ, ಹೊರಡುವ ಮುನ್ನವೇ ಎನ್‌ಕ್ರಿಪ್ಟ್ ಆಗುತ್ತೆ, ಬದಲಾದ ತುಣುಕಷ್ಟೇ ಹೋಗುತ್ತೆ. ಭಾರತದ ಅನೇಕ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3.3 ಟಿಬಿಯ ಮಿತಿ ಇರುತ್ತೆ, ಆದ್ದರಿಂದ ಮೊದಲ ಪೂರ್ತಿ ಕಾಪಿಯನ್ನು ಊರಿಗೆ ಬಂದಾಗ ಡಿಸ್ಕಿನಲ್ಲೇ ತನ್ನಿ.

ಮಳೆಕಾಡು

ತೀರ್ಥಹಳ್ಳಿ ಕಡೆಯವನು ನಾನು. ಸಾಗರದವರಿಗೆ ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೀತಿದ್ದೇನೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿಗೆ ನಮ್ಮ ಕಡೆ ರೂಟರುಗಳ ಲ್ಯಾನ್ ಪೋರ್ಟು ಸುಡೋದು ಪ್ರತಿ ವರ್ಷದ ಮಾತು. ಫೈಬರ್ ಗಾಜು, ಅದರಲ್ಲಿ ಕರೆಂಟು ಹರಿಯಲ್ಲ ಅಂತ ಧೈರ್ಯವಾಗಿರಬೇಡಿ. ಕಂಬದಿಂದ ಮನೆಗೆ ಎಳೆದ ಆ ಕೇಬಲ್ ಜೊತೆ ಉಕ್ಕಿನ ತಂತಿ ಇರುತ್ತೆ. ರೂಟರಿನ ಅಡಾಪ್ಟರ್ ಕರೆಂಟಿನ ಲೈನಿನಲ್ಲಿದೆ. ಪೆಟ್ಟಿಗೆಯೂ ರೂಟರೂ ಒಂದೇ ಕೇಬಲ್‌ನಲ್ಲಿ ಕಟ್ಟಿಕೊಂಡಿರೋದರಿಂದ ಒಂದಕ್ಕೆ ಬಡಿದದ್ದು ಇನ್ನೊಂದಕ್ಕೂ ಹೋಗುತ್ತೆ.

ಮೋಡ ಕಟ್ಟಿದಾಗ ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ವೈಫೈಯಲ್ಲಿರುವ ಕಂಪ್ಯೂಟರುಗಳಿಗೆ ಈ ದಾರಿಯಲ್ಲಿ ಅಪಾಯ ಇಲ್ಲ, ಅದೊಂದು ಲಾಭ ವೈಫೈಗೆ. ಮನೆಯಲ್ಲಿ ಯಾರೂ ಇಲ್ಲದಾಗ ಕಿತ್ತಿಡೋರು ಯಾರು? ಅದಕ್ಕೇ ಇನ್ನೊಂದು ಪ್ರತಿ ಯಾವ ತಂತಿಗೂ ಸಿಗದ ಕಡೆ ಇರಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿದ 3-2-1 ಅನ್ನೋ ಸೂತ್ರ ಇದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ನೀವು ಕಪಾಟಿನಲ್ಲಿಟ್ಟಿರೋ ಪೋರ್ಟಬಲ್ ಡಿಸ್ಕಿಗೆ ಈಗ ಕೆಲಸ ಸಿಕ್ಕಿತು ನೋಡಿ. ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ಅದಕ್ಕೆ ನಕಲು ಮಾಡಿ, ಪೇಟೆಯಲ್ಲಿರೋ ನೆಂಟರ ಮನೆಯಲ್ಲಿಡಿ. ಮೂರೂ ಕಂಪ್ಯೂಟರಿಗೆ ಚುಚ್ಚಬೇಕಿಲ್ಲ, ಪೆಟ್ಟಿಗೆಯೊಂದಕ್ಕೆ ಸಾಕು. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಹಾಕಿ, ಆಷಾಢದ ಶೀತಕ್ಕೆ ಕನೆಕ್ಟರ್ ತುಕ್ಕು ಹಿಡಿಯುತ್ತೆ.

ಹುಬ್ಬಳ್ಳಿ_ಹಾರ್ಡ್‌ವೇರ್

ಮಳೆಕಾಡು ಅಣ್ಣಾರು ಹೇಳಿದ್ದು ಖರೇ ಐತ್ರಿ. ಅದರ ಸಂಗಡ ಇನ್ನೊಂದು: ಬ್ಯಾಕಪ್ ಫೋಲ್ಡರಿಗೆ ಬ್ಯಾರೆ ಯೂಸರ್, ಬ್ಯಾರೆ ಪಾಸ್‌ವರ್ಡ್ ಇಡ್ರಿ, ಡ್ರೈವ್ ಅಕ್ಷರ ಕೊಟ್ಟು ಸದಾ ತೆರೆದಿಡಬ್ಯಾಡ್ರಿ. ಕಂಪ್ಯೂಟರಿಗೆ ಬೀಗ ಹಾಕೋ ವೈರಸ್ ಬಂದ್ರ ಅದು ತನಗೆ ಕಾಣೋ ಎಲ್ಲಾ ಡ್ರೈವಿಗೂ ಕೈ ಹಾಕತೈತಿ. ಪೆಟ್ಟಿಗಿ ಒಳಗ ಬಿಟಿಆರ್‌ಎಫ್‌ಎಸ್ ಅನ್ನೋ ಲಿನಕ್ಸ್ ಫಾರ್ಮ್ಯಾಟ್ ಹಾಕಿ ದಿನಕ್ಕೊಂದು ಸ್ನ್ಯಾಪ್‌ಶಾಟ್ ಇಟ್ರ ಹಿಂದಿನ ದಿನದ್ದು ಉಳಿತೈತಿ.

ಶರಾವತಿ_ದಂಡೆ

ಎಲ್ಲರ ಮಾತು ಕೇಳಿ ಕಟ್ಟಿ ಆಯ್ತು. ಹಳೇ ಲ್ಯಾಪ್‌ಟಾಪ್ ಈಗ ಹಾಲಿನ ಮೂಲೆಯಲ್ಲಿ ರೂಟರಿನ ಗಿಗಾಬಿಟ್ ಪೋರ್ಟಿಗೆ ಕಟ್ಟಿಕೊಂಡು ಕೂತಿದೆ, ಹೊಸ 4 ಟಿಬಿ ಡಿಸ್ಕ್ ಜೊತೆ. ಗಿಗಾಬಿಟ್ ಸ್ವಿಚ್ ತಂದು, ಅಪ್ಪನ ಡೆಸ್ಕ್‌ಟಾಪನ್ನು ಮಹಡಿಯಿಂದ ಇಳಿಸಿ ಅದರ ಮೇಲೆ ಮೊದಲ ಕಾಪಿ ಮಾಡಿದೆವು, ರಾತ್ರಿ ಶುರು ಮಾಡಿದ್ದು ಬೆಳಗ್ಗೆ ಮುಗಿದಿತ್ತು. ಈಗ ಮೇಲಿಂದ ವೈಫೈಯಲ್ಲೇ ಗಂಟೆಗೊಮ್ಮೆ ಹೋಗ್ತಿದೆ, ಯಾರಿಗೂ ಗೊತ್ತೇ ಆಗಲ್ಲ. ಮ್ಯಾಕ್‌ಗೆ 1 ಟಿಬಿ ಮಿತಿ ಇಟ್ಟೆ. ಲಾಗ್ ಓದಿ ನೋಡಿದರೆ ಅಪ್ಪನ ಹನ್ನೆರಡು ಕಡತ ಹೆಸರು ಉದ್ದ ಅಂತ ಬಿಟ್ಟುಹೋಗಿದ್ದವು, ಚಿಕ್ಕದು ಮಾಡಿದೆವು.

ಹಿಂದೆ ತರಿಸಿಯೂ ನೋಡಿದೆವು. ಹೆಂಡತಿಯ ಹೊಸ ಲ್ಯಾಪ್‌ಟಾಪ್‌ನಲ್ಲಿ ನುಡಿ ಇರಲಿಲ್ಲ, ಪೆಟ್ಟಿಗೆಯಿಂದ ಫಾಂಟ್ ಫೋಲ್ಡರ್ ಎಳೆದು ಹಾಕಿದ ಮೇಲೆ ಹಳೇ ಲೇಖನ ಸರಿಯಾಗಿ ತೆರೆಯಿತು.

ಒಂದೇ ಸಂಶಯ ಉಳಿದಿರೋದು. ನೆಂಟರ ಮನೆಗೆ ಕಳಿಸೋ ಡಿಸ್ಕನ್ನು ಲಿನಕ್ಸ್ ಫಾರ್ಮ್ಯಾಟ್‌ನಲ್ಲಿ ಇಡಬೇಕಾ, ಎನ್‌ಟಿಎಫ್‌ಎಸ್‌ನಲ್ಲಾ?

ಪ್ಯಾಕೆಟ್_ಪಯಣ

ಎನ್‌ಟಿಎಫ್‌ಎಸ್ ಇಡಿ ಸರ್. ಪೆಟ್ಟಿಗೆ ಕೆಟ್ಟು ನೀವೂ ಊರಲ್ಲಿಲ್ಲದ ದಿನ ಅಪ್ಪ ಅದನ್ನು ಯಾವುದಾದರೂ ವಿಂಡೋಸ್‌ಗೆ ಚುಚ್ಚಿ ತೆರೆಯಬೇಕು, ಲಿನಕ್ಸ್ ಫಾರ್ಮ್ಯಾಟ್ ಆದರೆ ಆಗಲ್ಲ. ಅಪ್ಪನವರ ಬರಹ, ಫಾಂಟು, ಫೋಟೋಗಳನ್ನು ಗಂಟು ಕಟ್ಟದೆ ಬಿಡಿ ಕಡತಗಳಾಗಿಯೇ ಹಾಕಿ. ಟೈಮ್ ಮಷಿನ್‌ನ ಸ್ಪಾರ್ಸ್‌ಬಂಡಲ್ ಅದಕ್ಕೆ ಬೇಡ. ಮ್ಯಾಕ್‌ಗೆ ನೇರವಾಗಿ ಚುಚ್ಚಿ ಬ್ಯಾಕಪ್ ಮಾಡೋಕೆ ಬೇರೆ ಸಣ್ಣ ಡಿಸ್ಕ್ ಇಟ್ಟುಕೊಳ್ಳಿ.